ಅಂಕಿಯ ಪಾಠ, ಅಂಕಿಯ ಬೆಲೆ: ಗಣಕವು ಕನ್ನಡ ಸಂಖ್ಯೆಯನ್ನು ಓದುವ ಬಗೆ

ಕಾಲೋಲ್ಲೇಖವಿರುವ ಶಾಸನಗಳ ಅನುಕ್ರಮಣಿಕೆಯೊಂದನ್ನು ಗಣಕದಲ್ಲಿ ಸಿದ್ಧಪಡಿಸುವುದು ನನ್ನ ಪಿಎಚ್.ಡಿ. ಅಧ್ಯಯನದ ಒಂದು ಅಂಗ. ಶಾಸನದ ನೆಲೆ, ಅರಸು, ಶಕವರ್ಷ, ಸಂವತ್ಸರ, ತಿಥಿ ಇವುಗಳನ್ನು ಬೇರೆ ಬೇರೆ ಅಂಕಣಗಳಲ್ಲಿ ತುಂಬುವುದು, ಅನಂತರ ಶಕವರ್ಷಕ್ಕೆ ೭೮ ಕೂಡಿಸಿ ಕ್ರಿಸ್ತವರ್ಷವನ್ನು ಗಣಕದಿಂದಲೇ ಪಡೆಯುವುದು ಉದ್ದೇಶವಾಗಿತ್ತು. ಶಕವರ್ಷಗಳನ್ನು ನಾನು ಕನ್ನಡ ಅಂಕಿಗಳಲ್ಲಿಯೇ ಬೆರಳಚ್ಚು ಮಾಡಿದ್ದೆ. ಪರಿಚಿತ ತಂತ್ರಜ್ಞರೊಬ್ಬರು ಬರೆದುಕೊಟ್ಟ ಪ್ರೋಗ್ರಾಮನ್ನು ಓಡಿಸಿದಾಗ ದೊರೆತ ಫಲಿತಾಂಶ ವಿಚಿತ್ರವಾಗಿತ್ತು. ಬಾದಾಮಿಯ ಬಂಡೆಗಲ್ಲಿನ ಶಾಸನ, ಐಹೊಳೆಯ ರವಿಕೀರ್ತಿಯ ಶಾಸನ, ಬೇಲೂರಿನ ವಿಷ್ಣುವರ್ಧನನ ಶಾಸನ ಎಲ್ಲವೂ ಕ್ರಿ.ಶ. ೭೮ರಲ್ಲಿ ಒಟ್ಟಿಗೆ ಹುಟ್ಟಿದ್ದವು! ಚಾಲುಕ್ಯರೂ ಹೊಯ್ಸಳರೂ ಸಮಕಾಲೀನರಾಗಿದ್ದರು.

ಕಾರಣ ಸರಳ. ನಾನು ಬರೆದ ಅಂಕಿಗಳನ್ನು ಪ್ರೋಗ್ರಾಮು ಅಂಕಿಗಳೆಂದು ಗುರುತಿಸಲಿಲ್ಲ. ಗುರುತಿಸಲಿಲ್ಲವೆಂದು ಹೇಳಲೂ ಇಲ್ಲ. ಪ್ರತಿಯೊಂದು ಶಕವರ್ಷವನ್ನೂ ಸೊನ್ನೆಯೆಂದು ಭಾವಿಸಿ ಅದಕ್ಕೆ ೭೮ ಕೂಡಿಸಿತು. ಇದನ್ನು ತೋರಿಸಿದಾಗ ಬಂದ ಸಲಹೆಯೂ ಅಷ್ಟೇ ಸರಳವಾಗಿತ್ತು: 'ಗಣಕಕ್ಕೆ ಕನ್ನಡ ಅಂಕಿ ತಿಳಿಯುವುದಿಲ್ಲ, ಎಲ್ಲವನ್ನೂ ಇಂಗ್ಲಿಷ್ ಅಂಕಿಯಲ್ಲಿ ಮತ್ತೊಮ್ಮೆ ಟೈಪ್ ಮಾಡಿ.' ಈ ಸಲಹೆಯನ್ನು ಅನೇಕ ಸಂಶೋಧನ ವಿದ್ಯಾರ್ಥಿಗಳು ಕೇಳಿದ್ದಾರೆ, ಪಾಲಿಸಿಯೂ ಇದ್ದಾರೆ. ನಾನು ಪಾಲಿಸಲಿಲ್ಲ. ಕನ್ನಡಾಭಿಮಾನ ಇದಕ್ಕೆ ಕಾರಣವಲ್ಲ. ಆಕರದಲ್ಲಿರುವ ಪಾಠವನ್ನು ಉಪಕರಣದ ಅನುಕೂಲಕ್ಕಾಗಿ ತಿದ್ದಬಾರದೆಂಬುದು ಗ್ರಂಥಸಂಪಾದನೆಯ ತರಗತಿಯಲ್ಲಿ ನಾವು ಮೊದಲು ಕಲಿಯುವ ಪಾಠ. ಅಂಕಿಗಳ ವಿಷಯದಲ್ಲಿ ಮಾತ್ರ ಅದನ್ನು ಬಿಟ್ಟುಕೊಡಬೇಕೇಕೆ? ಅಂಕಿಯನ್ನು ಸಂಖ್ಯೆಯಾಗಿ ಮಾರ್ಪಡಿಸುವುದು ಯಾಂತ್ರಿಕವಾದ ಶುದ್ಧೀಕರಣವಲ್ಲ, ಅದೂ ಒಂದು ಬಗೆಯ ಓದು; ಅದರ ನಿಯಮಗಳನ್ನು ತೀರ್ಮಾನಿಸಬೇಕಾದವರು ಕನ್ನಡ ವಿದ್ವಾಂಸರು ಎಂಬುದು ನನ್ನ ಅಭಿಪ್ರಾಯ.

ಮೊದಲಿಗೆ ಗಣಕ ಏನು ಮಾಡುತ್ತದೆಂಬುದನ್ನು ನೋಡೋಣ. ಈ ಲೇಖನದ ಅಂಕಿಗಳೆಲ್ಲ ಕನ್ನಡದವು. ಭೇದವನ್ನು ತೋರಿಸಲೇಬೇಕಾದ ಕಡೆಗಳಲ್ಲಿ ಮಾತ್ರ ಅಂತಾರಾಷ್ಟ್ರೀಯ ಅಂಕಿಯನ್ನು ಬಳಸಿದ್ದೇನೆ. ನಾವು ಕೀಲಿಮಣೆಯಲ್ಲಿ '7' ಎಂದು ಒತ್ತಿದಾಗ ಗಣಕದೊಳಗೆ ದಾಖಲಾಗುವುದು ಏಳೆಂಬ ಸಂಖ್ಯೆಯಲ್ಲ, ಆ ಲಿಪಿಚಿಹ್ನೆಗೆ ಗೊತ್ತುಪಡಿಸಿದ ೫೫ ಎಂಬ ಸಂಕೇತಾಂಕ. ಆಸ್ಕಿ ಎಂಬ ಸಂಕೇತ ಪದ್ಧತಿಯಲ್ಲಿ '0' ಚಿಹ್ನೆಗೆ ೪೮, '1'ಕ್ಕೆ ೪೯, ಹೀಗೆ '9'ಕ್ಕೆ ೫೭ ಎಂದು ಸಾಲಾಗಿ ಸ್ಥಾನಗಳನ್ನು ಕೊಡಲಾಗಿದೆ. ಆದುದರಿಂದ ಒಂದು ಅಂಕಿಯ ಸಂಕೇತಾಂಕದಿಂದ ೪೮ನ್ನು ಕಳೆದರೆ ಅದರ ಬೆಲೆ ದೊರೆಯುತ್ತದೆ. ೫೫ರಿಂದ ೪೮ ಹೋದರೆ ೭. ಸಿ ಭಾಷೆಯನ್ನು ಕಲಿಯುವವರು ಮೊದಮೊದಲೇ ಅಭ್ಯಾಸ ಮಾಡುವ ಈ ವ್ಯವಕಲನವೇ ಪರಿವರ್ತನೆಯ ತಿರುಳು. ಉಳಿದುದು ಸ್ಥಾನಬೆಲೆಯ ಲೆಕ್ಕ. ಸ್ಟ್ರಿಂಗ್ ಎಂದು ಕರೆಯುವ ಅಕ್ಷರಸರಣಿಯನ್ನು ಎಡದಿಂದ ಓದುತ್ತ, ಈವರೆಗೆ ದೊರೆತ ಬೆಲೆಯನ್ನು ಹತ್ತರಿಂದ ಗುಣಿಸಿ ಹೊಸ ಅಂಕಿಯ ಬೆಲೆಯನ್ನು ಕೂಡಿಸುತ್ತ ಹೋಗುವುದು. ೧೦೩೯ನ್ನು ಹೀಗೆ ಓದಿದರೆ ಮೊದಲು ೧, ಆಮೇಲೆ ೧೦, ಆಮೇಲೆ ೧೦೩, ಕೊನೆಗೆ ೧೦೩೯ ದೊರೆಯುತ್ತದೆ. ಇಷ್ಟಾಗುವವರೆಗೆ ಗಣಕದ ಮಟ್ಟಿಗೆ ಅದು ನಾಲ್ಕು ಲಿಪಿಚಿಹ್ನೆಗಳ ಸಾಲು ಮಾತ್ರ. ಅದಕ್ಕೆ ೭೮ ಕೂಡಿಸಿ ಎನ್ನುವುದು 'ಮರ' ಎಂಬ ಪದಕ್ಕೆ ೭೮ ಕೂಡಿಸಿ ಎಂದಷ್ಟೇ ಅರ್ಥಹೀನ.

ಕನ್ನಡ ಅಂಕಿಗಳ ವಿಷಯದಲ್ಲಿ ಈ ಕ್ರಮ ಏಕೆ ಕೆಡುತ್ತದೆ? ತತ್ತ್ವತಃ ಕೆಡಬೇಕಾಗಿಯೇ ಇಲ್ಲ. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ತನ್ನದೇ ಆದ ಸಂಕೇತಸ್ಥಾನಗಳಿವೆ. ಅದರಲ್ಲಿ ೦ ಚಿಹ್ನೆಯ ಸಂಕೇತಾಂಕ ೩೩೦೨, ೯ರ ಸಂಕೇತಾಂಕ ೩೩೧೧. ನಡುವಿನವು ಕ್ರಮವಾಗಿ ಸಾಲುಗೂಡಿವೆ. ೪೮ರ ಬದಲು ೩೩೦೨ನ್ನು ಕಳೆದರಾಯಿತು. ೭ರ ಸಂಕೇತಾಂಕ ೩೩೦೯. ೩೩೦೨ ಹೋದರೆ ಉಳಿಯುವುದು ೭. ಇದಲ್ಲದೆ ಪ್ರತಿಯೊಂದು ಅಂಕಿಗೂ 'ಇದು ದಶಮಾಂಶ ಅಂಕಿ, ಇದರ ಬೆಲೆ ಇಷ್ಟು' ಎಂಬ ಲಕ್ಷಣವನ್ನು ಯೂನಿಕೋಡಿನ ಕೋಷ್ಟಕಗಳಲ್ಲಿಯೇ ನಮೂದಿಸಲಾಗಿದೆ. ಹೀಗಿರುವಾಗ ಗಣಕಕ್ಕೆ ಕನ್ನಡ ಅಂಕಿ ತಿಳಿಯದೆಂಬುದು ಸತ್ಯವಲ್ಲ. ಪ್ರೋಗ್ರಾಮು ಬರೆದವರು ೪೮ನ್ನು ಬಿಟ್ಟು ಬೇರೆ ಸೊನ್ನೆಯನ್ನು ಕಲ್ಪಿಸಿಕೊಳ್ಳಲಿಲ್ಲ ಎಂಬುದಷ್ಟೇ ಸತ್ಯ.

ಇದು ಉಪಕರಣದಿಂದ ಉಪಕರಣಕ್ಕೆ ಬದಲಾಗುವ ಸಂಗತಿಯೆಂಬುದು ಗಮನಾರ್ಹ. ಪೈಥಾನ್ ಭಾಷೆಯ ಮೂರನೆಯ ಆವೃತ್ತಿಗೆ '೧೦೩೯' ಎಂಬ ಸರಣಿಯನ್ನು ಕೊಟ್ಟು ಪೂರ್ಣಾಂಕವನ್ನು ಕೇಳಿದರೆ ತಕರಾರಿಲ್ಲದೆ ಕೊಡುತ್ತದೆ. ಜಾವಾ ಸಹ ಕೊಡುತ್ತದೆ. ಬ್ರೌಸರುಗಳಲ್ಲಿ ನಡೆಯುವ ಜಾವಾಸ್ಕ್ರಿಪ್ಟ್ 'ಇದು ಸಂಖ್ಯೆಯಲ್ಲ' ಎಂದು ತಿರಸ್ಕರಿಸುತ್ತದೆ. ಸಿ ಭಾಷೆಯಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಪರಿವರ್ತಕವು ಮೊದಲ ಚಿಹ್ನೆಯಲ್ಲಿಯೇ ನಿಂತು ಸೊನ್ನೆಯನ್ನು ಹಿಂದಿರುಗಿಸುತ್ತದೆ. ನನ್ನ ಶಾಸನಗಳೆಲ್ಲ ಕ್ರಿ.ಶ. ೭೮ಕ್ಕೆ ಹೋದುದು ಹೀಗೆ. ಯಾವ ಪರೀಕ್ಷೆಯೂ ಇಲ್ಲದೆ ವ್ಯವಕಲನವನ್ನಷ್ಟೇ ಮಾಡುವ ಪ್ರೋಗ್ರಾಮಾದರೆ ಇನ್ನೂ ಸೋಜಿಗ. ಯುಟಿಎಫ್-೮ ಎಂಬ ಶೇಖರಣ ವಿಧಾನದಲ್ಲಿ ಕನ್ನಡದ ಒಂದೊಂದು ಚಿಹ್ನೆಯೂ ಮೂರು ಬೈಟುಗಳಾಗಿ ಒಡೆಯುತ್ತದೆ. ೭ ಎಂಬುದು ೨೨೪, ೧೭೯, ೧೭೩ ಎಂಬ ಮೂರು ಬೈಟುಗಳು. ಒಂದೊಂದರಿಂದಲೂ ೪೮ನ್ನು ಕಳೆದರೆ ೧೭೬, ೧೩೧, ೧೨೫; ಇವನ್ನು ಮೇಲೆ ಹೇಳಿದಂತೆ ಹತ್ತರಿಂದ ಗುಣಿಸಿ ಕೂಡಿಸುತ್ತ ಹೋದರೆ ಏಳರ ಬೆಲೆ ೧೯೦೩೫ ಆಗುತ್ತದೆ. ಇಂಥ ತಪ್ಪು ಒಂದರ್ಥದಲ್ಲಿ ವಾಸಿ, ಕಣ್ಣಿಗೆ ರಾಚುತ್ತದೆ. ಸದ್ದಿಲ್ಲದೆ ಬರುವ ಸೊನ್ನೆ ಹಾಗಲ್ಲ. ಕೋಷ್ಟಕದಲ್ಲಿ ಸಾವಿರಾರು ಸಾಲುಗಳಿದ್ದು, ಅವುಗಳಲ್ಲಿ ಕೆಲವನ್ನು ಮಾತ್ರ ಕನ್ನಡ ಅಂಕಿಯಲ್ಲಿ ಬರೆದಿದ್ದರೆ, ಆ ಕೆಲವು ಸೊನ್ನೆಗಳು ಸರಾಸರಿಗಳಲ್ಲಿ, ಶತಮಾನವಾರು ಎಣಿಕೆಗಳಲ್ಲಿ ಕರಗಿಹೋಗುತ್ತವೆ.

ಇಲ್ಲಿ ನಮ್ಮ ಸಂಪಾದನ ಪರಂಪರೆಯ ಒಂದು ಸಾಧಾರಣ ರೂಢಿಯನ್ನು ನೆನೆಯಬೇಕು. ೧೮೮೬ರಲ್ಲಿ ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಮೊದಲ ಸಂಪುಟವನ್ನು ಹೊರತಂದ ಕಾಲದಿಂದ ಇಂದಿನವರೆಗೂ, ಕಲ್ಲಿನಲ್ಲಿ ಅಕ್ಷರಗಳು ನಶಿಸಿದ್ದರೆ ಆ ಸ್ಥಳವನ್ನು ಚುಕ್ಕೆಗಳಿಂದಲೋ ಆವರಣಗಳಿಂದಲೋ ಸೂಚಿಸುವುದು ಶಾಸನ ಸಂಪಾದನೆಯಲ್ಲಿ ವಾಡಿಕೆ. ತ್ರುಟಿತ ಭಾಗಕ್ಕೆ ಬದಲಾಗಿ ಸಂಪಾದಕರು ತಮಗೆ ತೋಚಿದ ಅಕ್ಷರವನ್ನು ಸದ್ದಿಲ್ಲದೆ ಸೇರಿಸಿದರೆ ಅದನ್ನು ಅಪಚಾರವೆಂದು ನಾವು ಭಾವಿಸುತ್ತೇವೆ. ಓದಲಾಗದ ಅಂಕಿಯನ್ನು ಸೊನ್ನೆಯೆಂದು ತುಂಬುವ ಪ್ರೋಗ್ರಾಮು ಮಾಡುವುದು ಇದೇ ಅಪಚಾರವನ್ನು. 'ಇಲ್ಲ' ಎಂಬುದಕ್ಕೂ 'ಓದಲಾಗಲಿಲ್ಲ' ಎಂಬುದಕ್ಕೂ ಇರುವ ಅಂತರವನ್ನು ತಂತ್ರಜ್ಞರಿಗೆ ನಾವು ತಿಳಿಸಿಕೊಟ್ಟಿಲ್ಲ. ಅವರು ತಾವಾಗಿ ಊಹಿಸಿಕೊಳ್ಳಲೆಂದು ನಿರೀಕ್ಷಿಸುವುದೂ ನ್ಯಾಯವಲ್ಲ.

ನಮ್ಮ ಕಡೆಯ ದೋಷಗಳೂ ಕಡಿಮೆಯಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮೊದಲು ನಾವು ನೆಚ್ಚಿದ್ದ ಹಲವು ಫಾಂಟುಗಳಲ್ಲಿ ಕನ್ನಡ ಅಂಕಿ ಎಂಬುದು ಬರಿಯ ಚಿತ್ರವಾಗಿತ್ತು. ಒಳಗಿನ ಸಂಕೇತಾಂಕ ೫೫ ಆಗಿಯೇ ಇದ್ದು, ಫಾಂಟು ಅದರ ಮೇಲೆ ೭ರ ಆಕೃತಿಯನ್ನು ತೋರಿಸುತ್ತಿತ್ತು. ಫಾಂಟನ್ನು ಬದಲಿಸಿದರೆ ಅದೇ 7 ಆಗುತ್ತಿತ್ತು. ಅಂಥ ಕಡತಗಳನ್ನು ಯೂನಿಕೋಡಿಗೆ ತರುವಾಗ ಕೆಲವು ಪರಿವರ್ತಕಗಳು ಅಂಕಿಗಳನ್ನು ಕನ್ನಡಕ್ಕೆ ಬದಲಿಸಿದವು, ಕೆಲವು ಇದ್ದಂತೆಯೇ ಬಿಟ್ಟವು. ಹಾಗಾಗಿ ಒಂದೇ ದತ್ತಾಂಶದಲ್ಲಿ ಎರಡೂ ಬಗೆಯ ಅಂಕಿಗಳು, ಕೆಲವೊಮ್ಮೆ ಒಂದೇ ಸಂಖ್ಯೆಯೊಳಗೆ, ಬೆರೆತಿರುವುದನ್ನು ಕಾಣಬಹುದು. ಪೈಥಾನಿನಂತಹ ಭಾಷೆ '೧೦3೯' ಎಂಬ ಬೆರಕೆಯನ್ನೂ ೧೦೩೯ ಎಂದೇ ಓದಿಬಿಡುತ್ತದೆ. ಕನ್ನಡದ ೧, ೨ಗಳೊಡನೆ ನೋಟಕ್ಕೆ ಹೆಚ್ಚು ಭೇದವಿಲ್ಲದ ತೆಲುಗು ಅಂಕಿಗಳು ನುಸುಳಿದ್ದರೂ ಅದು ಮೌನವಾಗಿ ಸ್ವೀಕರಿಸುತ್ತದೆ. ಈ ಔದಾರ್ಯ ಅನುಕೂಲಕರವೇ ಹೌದು. ಆದರೆ ಪಾಠದಲ್ಲಿ ಬೆರಕೆಯಿದೆಯೆಂಬ ಸುಳಿವು ಅದರಿಂದ ಮರೆಯಾಗುತ್ತದೆ.

ಅನುಸ್ವಾರದ ಸೊನ್ನೆ ಮತ್ತು ಅಂಕಿಯ ಸೊನ್ನೆಗಳ ಗೊಂದಲವಂತೂ ಒಂದು ವಿಶೇಷ ಸಮಸ್ಯೆ. ಮುದ್ರಿತ ಪುಟದಲ್ಲಿ ಇವೆರಡನ್ನೂ ಬೇರ್ಪಡಿಸುವುದು ಕಷ್ಟ. ಗಣಕದಲ್ಲಿ ಅನುಸ್ವಾರದ ಸಂಕೇತಾಂಕ ೩೨೦೨, ಅಂಕಿಯದು ೩೩೦೨, ಸರಿಯಾಗಿ ನೂರರ ಅಂತರ. ಅಂತರ್ಜಾಲದಲ್ಲಿಯೂ ವಿದ್ಯಾರ್ಥಿಗಳ ಕಡತಗಳಲ್ಲಿಯೂ 'ಎಂದು' ಎಂಬುದನ್ನು ಅಂಕಿಯ ಸೊನ್ನೆಯಿಂದ 'ಎ೦ದು' ಎಂದು ಬರೆದಿರುವುದು ಧಾರಾಳವಾಗಿ ಕಂಡುಬರುತ್ತದೆ. ಕಣ್ಣು ಮೋಸಹೋಗುತ್ತದೆ, ಗಣಕ ಮೋಸಹೋಗುವುದಿಲ್ಲ. ಅದಕ್ಕೆ ಎರಡನೆಯದು ನಡುವೆ ಸೊನ್ನೆಯಿರುವ ಪದ. ಗದ್ಯದಿಂದ ಅಂಕಿಗಳನ್ನು ಮಾತ್ರ ಹೆಕ್ಕಿ ತೆಗೆಯುವ ಪ್ರೋಗ್ರಾಮಿಗೆ ಇಂಥ ಬರಹವನ್ನು ಕೊಟ್ಟರೆ ಸಾಲುಸಾಲಿಗೂ ಸೊನ್ನೆಗಳು ದೊರೆಯುತ್ತವೆ. ಇದರ ವಿಲೋಮವೂ ಉಂಟು. ೧೦೩೯ರ ಸೊನ್ನೆಯ ಜಾಗದಲ್ಲಿ ಅನುಸ್ವಾರವನ್ನು ಒತ್ತಿದ್ದರೆ, ಅಂಕಿಯಲ್ಲದ ಚಿಹ್ನೆ ಎದುರಾದಲ್ಲಿ ನಿಲ್ಲುವ ಪ್ರೋಗ್ರಾಮು ಅದನ್ನು ಶಕ ೧ ಎಂದು ಓದಿ ಬೇಲೂರಿನ ಶಾಸನವನ್ನು ಕ್ರಿ.ಶ. ೭೯ಕ್ಕೆ ಒಯ್ಯುತ್ತದೆ. ಇದು ಬೆರಳಚ್ಚಿನವರ ಅಜಾಗರೂಕತೆಯೆಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ನಾನು ಓದಿದ ಸ್ನಾತಕೋತ್ತರ ತರಗತಿಯ ಗಣಕ ಪತ್ರಿಕೆಯಲ್ಲಿ ಕೀಲಿಮಣೆಯ ವಿನ್ಯಾಸವನ್ನು ಕಲಿಸಿದರೇ ಹೊರತು ಈ ಎರಡು ಸೊನ್ನೆಗಳ ಭೇದವನ್ನು ಯಾರೂ ಹೇಳಲಿಲ್ಲ. ಕೇಶಿರಾಜನ ಸೂತ್ರಗಳಲ್ಲಿ ಬಿಂದುವಿನ ವಿಚಾರವನ್ನು ಅಷ್ಟು ಶ್ರದ್ಧೆಯಿಂದ ಓದಿದವರು ಗಣಕದ ಮುಂದೆ ಕುಳಿತಾಗ ಅದನ್ನು ಮರೆಯುವುದು ವಿಪರ್ಯಾಸ.

ಅಂಕಿಗಳು ಅಂಕಿಗಳಾಗಿಯೇ ಉಳಿಯಲಿ, ಸಂಖ್ಯೆಯಾಗಿ ಮಾರ್ಪಡಿಸುವ ಗೋಜೇ ಬೇಡ ಎನ್ನುವವರೂ ಇದ್ದಾರೆ. ಇದೂ ಒಪ್ಪತಕ್ಕ ಮಾತಲ್ಲ. ಬಾದಾಮಿಯ ಒಂದನೆಯ ಪುಲಕೇಶಿಯ ಶಾಸನ ಶಕ ೪೬೫, ಎಂದರೆ ಕ್ರಿ.ಶ. ೫೪೩, ಐಹೊಳೆಯದು ಶಕ ೫೫೬, ಕ್ರಿ.ಶ. ೬೩೪, ಬೇಲೂರಿನದು ಶಕ ೧೦೩೯, ಕ್ರಿ.ಶ. ೧೧೧೭. ಇವನ್ನು ಅಕ್ಷರಸರಣಿಗಳಾಗಿಯೇ ಬಿಟ್ಟು ಏರಿಕೆಯ ಕ್ರಮದಲ್ಲಿ ಜೋಡಿಸೆಂದರೆ ಗಣಕವು ನಿಘಂಟಿನ ಕ್ರಮವನ್ನು ಅನುಸರಿಸಿ ಮೊದಲ ಚಿಹ್ನೆಗಳನ್ನು ಹೋಲಿಸುತ್ತದೆ. ಒಂದು ನಾಲ್ಕಕ್ಕಿಂತ ಮೊದಲು. ಆದುದರಿಂದ ಬೇಲೂರು ಬಾದಾಮಿಗಿಂತ ಪ್ರಾಚೀನವಾಗುತ್ತದೆ. ಕಾಲಾನುಕ್ರಮಣಿಕೆಗೆ ಬೆಲೆ ಬೇಕೇ ಬೇಕು.

ಬೆಲೆ ದೊರೆತರೆ ಆಗುವ ಲಾಭ ಜೋಡಣೆಗಷ್ಟೇ ಸೀಮಿತವಲ್ಲ, ಅದು ಪಾಠಪರಿಶೀಲನೆಗೂ ಒದಗುತ್ತದೆ. ನಮ್ಮಲ್ಲಿ ಪ್ರಚಲಿತವಿರುವ ದಾಕ್ಷಿಣಾತ್ಯ ಪದ್ಧತಿಯಲ್ಲಿ ಗತಶಕವರ್ಷಕ್ಕೆ ೧೨ ಕೂಡಿಸಿ ೬೦ರಿಂದ ಭಾಗಿಸಿದರೆ ಉಳಿಯುವ ಶೇಷವೇ ಪ್ರಭವಾದಿ ಸಂವತ್ಸರದ ಕ್ರಮಸಂಖ್ಯೆ. ಶೇಷ ಸೊನ್ನೆಯಾದರೆ ಅರವತ್ತನೆಯದಾದ ಅಕ್ಷಯ. ೧೦೩೯ಕ್ಕೆ ೧೨ ಕೂಡಿಸಿದರೆ ೧೦೫೧, ಶೇಷ ೩೧, ಅದು ಹೇವಿಳಂಬಿ. ಬೇಲೂರಿನ ಶಾಸನ ಹೇಳುವ ಸಂವತ್ಸರವೂ ಅದೇ. ಈಗ ಬೆರಳಚ್ಚಿನಲ್ಲಿ ೯ರ ಬದಲು ೬ ಬಿದ್ದಿದೆಯೆಂದು ಭಾವಿಸೋಣ. ಇವೆರಡರ ಆಕೃತಿಸಾಮ್ಯದಿಂದ ಎಷ್ಟು ಕರಡುಗಳು ಕೆಟ್ಟಿವೆಯೆಂಬುದು ಅಚ್ಚಿನ ಕೆಲಸ ಬಲ್ಲವರಿಗೆ ಗೊತ್ತು. ೧೦೩೬ಕ್ಕೆ ಶೇಷ ೨೮, ಜಯ ಸಂವತ್ಸರ. ಪಕ್ಕದ ಅಂಕಣದಲ್ಲಿ ಹೇವಿಳಂಬಿ ಎಂದಿರುವುದರಿಂದ ಗಣಕವು ಆ ಸಾಲನ್ನು ತಕ್ಷಣ ಎತ್ತಿ ತೋರಿಸಬಲ್ಲುದು.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ದಶಕಸ್ಥಾನದ ಅಂಕಿ ಕಲ್ಲಿನಲ್ಲಿ ನಶಿಸಿ '೧೦.೯' ಎಂದಷ್ಟೇ ಉಳಿದಿದ್ದರೆ? ಸಾಧ್ಯತೆಗಳು ೧೦೦೯ರಿಂದ ೧೦೯೯ರವರೆಗೆ ಹತ್ತು. ಹೇವಿಳಂಬಿಗೆ ಹೊಂದುವವು ೧೦೩೯ ಮತ್ತು ೧೦೯೯ ಎರಡೇ. ಮೊದಲನೆಯದು ವಿಷ್ಣುವರ್ಧನನ ಕಾಲ, ಎರಡನೆಯದು ಕ್ರಿ.ಶ. ೧೧೭೭, ಇಮ್ಮಡಿ ಬಲ್ಲಾಳನ ಕಾಲ. ಶಾಸನದಲ್ಲಿ ಅರಸನ ಹೆಸರು ಉಳಿದಿದ್ದರೆ ಅಳಿದ ಅಂಕಿ ಮರಳಿ ದೊರೆತಂತೆಯೇ. ಇದನ್ನು ನಮ್ಮ ಹಿರಿಯ ಶಾಸನತಜ್ಞರು ಪಂಚಾಂಗ ಕೋಷ್ಟಕಗಳನ್ನು ಮುಂದಿಟ್ಟುಕೊಂಡು ಕೈಯಿಂದಲೇ ಮಾಡುತ್ತಿದ್ದರು. ಸಾವಿರಾರು ಸಾಲುಗಳಿಗೆ ಏಕಕಾಲದಲ್ಲಿ ಮಾಡುವುದು ಮಾತ್ರ ಗಣಕದಿಂದ ಸಾಧ್ಯ. ಅದೂ ಅಕ್ಷರಸರಣಿಯನ್ನೂ ಬೆಲೆಯನ್ನೂ ಬೇರೆಬೇರೆಯಾಗಿ ಇಟ್ಟುಕೊಂಡಿದ್ದರೆ ಮಾತ್ರ. '೧೦.೯' ಎಂಬ ಪಾಠಕ್ಕೆ ಒಂದು ಪೂರ್ಣಾಂಕವಿಲ್ಲ, ಹತ್ತು ಸಾಧ್ಯ ಪೂರ್ಣಾಂಕಗಳಿವೆ. ಇದನ್ನು ಹತ್ತು ಪೂರ್ಣಾಂಕ ಚಿಲ್ಲರೆ ಎಂದು ಓದುವ ಪ್ರೋಗ್ರಾಮೂ ಉಂಟೆಂಬುದು ಬೇರೆ ಮಾತು. ಪುಷ್ಯ, ಮಾಘ, ಫಾಲ್ಗುಣಗಳ ತಿಥಿಗಳಿಗೆ ೭೮ರ ಬದಲು ೭೯ ಬೇಕಾದೀತು, ಶಕವರ್ಷ ಗತವೋ ವರ್ತಮಾನವೋ ನೋಡಬೇಕು, ಬೇರೆ ಗಣನೆಯನ್ನು ಅನುಸರಿಸಿದ ಹಳೆಯ ಶಾಸನಗಳಿಗೆ ಮೇಲಿನ ಸೂತ್ರ ಅನ್ವಯಿಸದು. ಇವೆಲ್ಲ ತಜ್ಞರಿಗೆ ತಿಳಿದ ವಿಷಯಗಳು.

ಅಕ್ಷರದಿಂದ ಸಂಖ್ಯೆಗೆ ಸಾಗುವುದು ನಮ್ಮ ಪರಂಪರೆಗೆ ಹೊಸತಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಐಹೊಳೆಯ ಶಾಸನದಲ್ಲಿ ಶಕವರ್ಷ ಅಂಕಿಗಳಲ್ಲಿಲ್ಲ. ಐವತ್ತು, ಆರು, ಐನೂರು ಎಂಬ ಅರ್ಥದ ಪದಗಳಲ್ಲಿ ಪದ್ಯದೊಳಗೆ ಸೇರಿಕೊಂಡಿದೆ. ಭೂತಸಂಖ್ಯೆಯ ಪದ್ಧತಿಯಲ್ಲಿ ಚಂದ್ರನೆಂದರೆ ಒಂದು, ಕಣ್ಣೆಂದರೆ ಎರಡು, ಬಾಣವೆಂದರೆ ಐದು. ಸಮುದ್ರವೆಂದರೆ ಒಮ್ಮೆ ನಾಲ್ಕು, ಒಮ್ಮೆ ಏಳು. ಅಲ್ಲಿ ಅಂಕಿಗಳು ಬಲದಿಂದ ಎಡಕ್ಕೆ ಸಾಗುವುದರಿಂದ ಹತ್ತರಿಂದ ಗುಣಿಸುವ ಕ್ರಮವೂ ತಿರುಗುಮುರುಗು. ಕಟಪಯಾದಿ ಸೂತ್ರವಂತೂ ಸಾಕ್ಷಾತ್ ಸಂಕೇತಕೋಷ್ಟಕ. ಕದಿಂದ ಝದವರೆಗೆ ಒಂದರಿಂದ ಒಂಬತ್ತು, ಟದಿಂದ ಧದವರೆಗೆ ಮತ್ತೆ ಒಂದರಿಂದ ಒಂಬತ್ತು, ಪದಿಂದ ಮದವರೆಗೆ ಒಂದರಿಂದ ಐದು, ಯದಿಂದ ಹದವರೆಗೆ ಒಂದರಿಂದ ಎಂಟು, ಞ ಮತ್ತು ನ ಸೊನ್ನೆ. ಕರ್ನಾಟಕ ಸಂಗೀತದ ೭೨ ಮೇಳಕರ್ತ ರಾಗಗಳ ಪ್ರಚಲಿತ ಹೆಸರುಗಳಲ್ಲಿ ಮೊದಲ ಎರಡು ಅಕ್ಷರಗಳು ಮೇಳದ ಸಂಖ್ಯೆಯನ್ನು ಹೇಳುತ್ತವೆ. ಮೇಚಕಲ್ಯಾಣಿಯಲ್ಲಿ ಮ ೫, ಚ ೬, ತಿರುಗಿಸಿದರೆ ೬೫. ಧೀರಶಂಕರಾಭರಣದಲ್ಲಿ ಧ ೯, ರ ೨, ಆದುದರಿಂದ ೨೯.

ಇದನ್ನು ಪ್ರೋಗ್ರಾಮಿಗೆ ಕಲಿಸಲು ನಾನು ಕುಳಿತಾಗ ಒತ್ತಕ್ಷರ ಎದುರಾಯಿತು. ರತ್ನಾಂಗಿ ಎರಡನೆಯ ಮೇಳ. ರ ೨, 'ತ್ನಾ'ದಲ್ಲಿ ಕೊನೆಯ ವ್ಯಂಜನವಾದ ನವನ್ನು ಹಿಡಿದರೆ ಸೊನ್ನೆ, ೦೨, ಸರಿಹೋಗುತ್ತದೆ. ಕೊನೆಯ ವ್ಯಂಜನವೇ ನಿಯಮವೆಂದು ಬರೆದು ಚಕ್ರವಾಕವನ್ನು ಕೊಟ್ಟೆ. ಚ ೬, 'ಕ್ರ'ದಲ್ಲಿ ಕೊನೆಯದು ರ, ೨, ಉತ್ತರ ೨೬. ಆದರೆ ಚಕ್ರವಾಕ ಹದಿನಾರನೆಯ ಮೇಳ, ೨೬ ಚಾರುಕೇಶಿಯದು. ಇಲ್ಲಿ ಮೊದಲ ವ್ಯಂಜನವಾದ ಕವನ್ನೇ ಹಿಡಿಯಬೇಕು. ಮೊದಲ ವ್ಯಂಜನವನ್ನೇ ನಿಯಮವಾಗಿಸಿದರೆ ರತ್ನಾಂಗಿ ೬೨ ಆಗಿ ಋಷಭಪ್ರಿಯದ ಸ್ಥಾನದಲ್ಲಿ ಕುಳಿತುಕೊಳ್ಳುತ್ತದೆ. ಸಂಗೀತಗಾರರಿಗೆ ಇದು ಎಂದೂ ತೊಡಕಾಗಿಲ್ಲ, ಏಕೆಂದರೆ ಅವರು ಹೆಸರನ್ನು ಓದುವಾಗಲೇ ಮೇಳವನ್ನು ಬಲ್ಲರು. ಗಣಕಕ್ಕೆ ಆ ಪೂರ್ವಜ್ಞಾನವಿಲ್ಲ. ಯಾವ ಒತ್ತಕ್ಷರದಲ್ಲಿ ಯಾವ ವ್ಯಂಜನ ಬೆಲೆ ಪಡೆಯುತ್ತದೆಂಬುದನ್ನು ಒಂದು ಸೂತ್ರಕ್ಕೆ ಇಳಿಸಲಾಗದೆ ಕೊನೆಗೆ ಅಪವಾದಗಳ ಪಟ್ಟಿಯನ್ನೇ ಕೈಯಿಂದ ಕೊಟ್ಟೆ. ಕಾಲಸೂಚಕ ಪದ್ಯಗಳಲ್ಲಿ ಇಂಥ ಸಂದರ್ಭ ಬಂದಾಗ ಪಟ್ಟಿಯೂ ಇರುವುದಿಲ್ಲ. ಆಗ ವಿವೇಚನೆಯೊಂದೇ ಆಧಾರ. ಸಿರಿಭೂವಲಯದ ಪ್ರಕರಣ ಇದಕ್ಕೆ ವಿರುದ್ಧ ದಿಕ್ಕಿನದು. ಅದರ ಕಾಲ, ಕರ್ತೃತ್ವಗಳ ವಿವಾದವನ್ನು ಬದಿಗಿಟ್ಟರೂ, ೨೭ ಅಡ್ಡ ೨೭ ಉದ್ದದ ಚಕ್ರಗಳ ೭೨೯ ಮನೆಗಳಲ್ಲಿ ೧ರಿಂದ ೬೪ರವರೆಗಿನ ಸಂಖ್ಯೆಗಳನ್ನು ತುಂಬಿ ಅವನ್ನು ಅಕ್ಷರಗಳಾಗಿ ಓದುವ ಅದರ ವಿಧಾನದಲ್ಲಿ, ಮನೆಗಳ ನಡುವಣ ಗೆರೆ ಅಳಿಸಿದರೆ ೧೨ ಎಂಬುದು ಒಂದು ಅಕ್ಷರವೋ ಎರಡೋ ತಿಳಿಯದು.

ಹಾಗೆಂದು ಅಂಕಿಗಳಲ್ಲಿ ಬರೆದುದೆಲ್ಲವೂ ಸಂಖ್ಯೆಯಲ್ಲ. ಕವಿರಾಜಮಾರ್ಗದ ಮೊದಲ ಪರಿಚ್ಛೇದದ ಹತ್ತನೆಯ ಪದ್ಯವನ್ನು ನಾವು ೧.೧೦ ಎಂದು ಸೂಚಿಸುತ್ತೇವೆ. ಇದನ್ನು ಅಂತಾರಾಷ್ಟ್ರೀಯ ಅಂಕಿಗಳಲ್ಲಿ ಲೆಕ್ಕದ ಹಾಳೆಯೊಂದರಲ್ಲಿ ಟೈಪ್ ಮಾಡಿ ನೋಡಿ. ಅದು 1.10ನ್ನು ದಶಮಾಂಶ ಸಂಖ್ಯೆಯೆಂದು ಭಾವಿಸಿ, ಕೊನೆಯ ಸೊನ್ನೆಗೆ ಬೆಲೆಯಿಲ್ಲವೆಂದು ತೆಗೆದುಹಾಕಿ 1.1 ಎಂದು ಬರೆದುಕೊಳ್ಳುತ್ತದೆ. ಹತ್ತನೆಯ ಪದ್ಯ ಮೊದಲನೆಯ ಪದ್ಯವಾಯಿತು. ಪದಪ್ರಯೋಗಕೋಶವೊಂದರ ಉಲ್ಲೇಖಗಳೆಲ್ಲ ಹೀಗೆ ಕೆಟ್ಟರೆ ಮತ್ತೆ ಸರಿಪಡಿಸಲು ಮೂಲವನ್ನೇ ನೋಡಬೇಕು. ೦೪೫ ಎಂಬ ತಾಳೆಗರಿಯ ಕಟ್ಟಿನ ಸಂಖ್ಯೆಯೂ ಹೀಗೆಯೇ ೪೫ ಆಗಿಬಿಡುತ್ತದೆ. ಭಂಡಾರದ ದಾಖಲೆಯಲ್ಲಿ ೦೪೫ ಒಂದು ಕಟ್ಟು, ೪೫ ಇನ್ನೊಂದು ಕಟ್ಟು ಆಗಿರುವುದು ಅಸಂಭವವೇನಲ್ಲ. ಪದ್ಯಸಂಖ್ಯೆ, ಕಟ್ಟಿನ ಸಂಖ್ಯೆಗಳು ಹೆಸರುಗಳು. ಅವುಗಳನ್ನು ಕೂಡಿಸಿ ಕಳೆಯುವ ಪ್ರಮೇಯವೇ ಬರುವುದಿಲ್ಲ. ಯಾವುದು ಸಂಖ್ಯೆ, ಯಾವುದು ಅಂಕಿಯ ವೇಷದಲ್ಲಿರುವ ಹೆಸರು ಎಂಬುದನ್ನು ಗೊತ್ತುಪಡಿಸುವವರು ಆ ಕ್ಷೇತ್ರವನ್ನು ಬಲ್ಲವರೇ ಆಗಬೇಕು.

ನನ್ನ ಸೂಚನೆ ಬಹಳ ಚಿಕ್ಕದು. ವಿಭಾಗಗಳಲ್ಲಿ ಸಿದ್ಧವಾಗುವ ಯಾವುದೇ ದತ್ತಾಂಶದಲ್ಲಿ ಸಂಖ್ಯೆಗೆ ಎರಡು ಅಂಕಣಗಳಿರಲಿ. ಒಂದರಲ್ಲಿ ಆಕರದ ಪಾಠ, ಅದು ಕನ್ನಡ ಅಂಕಿಯಾಗಿರಲಿ, ಪದವಾಗಿರಲಿ, ಚುಕ್ಕೆಗಳಿಂದ ಕೂಡಿದ್ದಾಗಿರಲಿ, ಇದ್ದಂತೆಯೇ ಇರಬೇಕು. ಮತ್ತೊಂದರಲ್ಲಿ ಬೆಲೆ, ಓದಲಾಗದಿದ್ದರೆ ಖಾಲಿ, ಎಂದಿಗೂ ಸೊನ್ನೆಯಲ್ಲ. ಬೆಲೆಯನ್ನು ಯಾರು, ಯಾವ ನಿಯಮದಿಂದ ತೆಗೆದರೆಂಬುದಕ್ಕೆ ಷರಾ ಇದ್ದರೆ ಇನ್ನೂ ಮೇಲು. ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುವ ಶಿಸ್ತಿಗೂ ಇದಕ್ಕೂ ವ್ಯತ್ಯಾಸವಿಲ್ಲ. ಇದಕ್ಕೆ ಒಂದು ಆಕ್ಷೇಪ ಬರಬಹುದು: ಎರಡು ಪಟ್ಟು ಕೆಲಸ ಏಕೆ, ಎಲ್ಲರೂ ಅಂತಾರಾಷ್ಟ್ರೀಯ ಅಂಕಿಗಳನ್ನೇ ಬಳಸಿದರೆ ತೊಂದರೆಯೇ ಇರದಲ್ಲ ಎಂದು. ಸಂವಿಧಾನದ ೩೪೩ನೆಯ ವಿಧಿ ಒಕ್ಕೂಟದ ಅಧಿಕೃತ ವ್ಯವಹಾರಕ್ಕೆ ಗೊತ್ತುಪಡಿಸಿರುವುದು ಭಾರತೀಯ ಅಂಕಿಗಳ ಅಂತಾರಾಷ್ಟ್ರೀಯ ರೂಪವನ್ನೇ. ಅವನ್ನು 'ಇಂಗ್ಲಿಷ್ ಅಂಕಿ' ಎಂದು ದೂರವಿಡುವುದು ಐತಿಹಾಸಿಕವಾಗಿ ಸರಿಯೂ ಅಲ್ಲ. ನಿತ್ಯವ್ಯವಹಾರದಲ್ಲಿ ಯಾವ ಅಂಕಿಯನ್ನು ಬಳಸಬೇಕೆಂಬ ಚರ್ಚೆಗೆ ನಾನು ಇಳಿಯುತ್ತಿಲ್ಲ. ಆಕರವನ್ನು ನಕಲಿಸುವಾಗ ಆಕರದಲ್ಲಿರುವುದನ್ನು ಬರೆಯಬೇಕು, ಅಷ್ಟೇ. ಇಮ್ಮಡಿ ಕೆಲಸವೆಂಬ ಭಯವೂ ಹುರುಳಿಲ್ಲದ್ದು. ಪಾಠವನ್ನು ನಾವು ಬರೆಯುತ್ತೇವೆ; ೩೩೦೨ನ್ನು ಕಳೆಯುವುದು ಗಣಕದ ಕೆಲಸ.

ನನ್ನ ಅನುಕ್ರಮಣಿಕೆಯನ್ನು ಈ ಕ್ರಮದಲ್ಲಿ ಮತ್ತೊಮ್ಮೆ ಕಟ್ಟಿದ್ದೇನೆ. ಅಂಕಿಗಳನ್ನು ಮರಳಿ ಟೈಪ್ ಮಾಡಬೇಕಾಗಲಿಲ್ಲ. ಪ್ರೋಗ್ರಾಮಿನಲ್ಲಿ ಕೆಲವೇ ಸಾಲುಗಳು ಬದಲಾದವು. ಶೇಷದ ಪರೀಕ್ಷೆಯಲ್ಲಿ ಸಂವತ್ಸರ ಹೊಂದದ ಸಾಲುಗಳು ಬೇರೆಯಾಗಿ ನಿಂತವು. ಅವುಗಳಲ್ಲಿ ಕೆಲವು ನನ್ನ ಬೆರಳಚ್ಚಿನ ತಪ್ಪುಗಳು, ಹೆಚ್ಚಿನವು ೬ ಮತ್ತು ೯ರ ಗೊಂದಲ. ಇನ್ನು ಕೆಲವು ಮುದ್ರಿತ ಸಂಪುಟದಲ್ಲಿಯೇ ಹೊಂದುತ್ತಿಲ್ಲ. ದೋಷ ಕಲ್ಲಿನದೋ, ಓದಿದವರದೋ, ಅಚ್ಚಿನದೋ ಎಂಬುದನ್ನು ಪಡಿಯಚ್ಚುಗಳನ್ನು ನೋಡಿಯೇ ನಿರ್ಣಯಿಸಬೇಕಾಗಿದೆ. ಅಲ್ಲಿಯವರೆಗೆ ಆ ಸಾಲುಗಳ ಬೆಲೆಯ ಅಂಕಣವನ್ನು ಖಾಲಿ ಬಿಟ್ಟಿದ್ದೇನೆ.